ನೋಡಿದ್ದನ್ನು ಬರೆಯಿರಿ: ಸಿನಿಮಾ, ಕಾದಂಬರಿ ವಿಮರ್ಶೆಗೆ ಕೈಹಾಕುವವರಿಗೆ

ಮೊದಲು ಕತ್ತಲಲ್ಲಿ ಬರೆಯುವುದನ್ನು ಕಲಿಯಬೇಕು. ಥಿಯೇಟರಿನಲ್ಲಿ ಮೊಬೈಲ್ ತೆಗೆದು ಟೈಪ್ ಮಾಡಿದರೆ ಹಿಂದಿನ ಸಾಲಿನವರ ಕಣ್ಣಿಗೆ ಬೆಳಕು ಹೊಡೆಯುತ್ತದೆ. ಅಂಗೈ ಅಗಲದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಪುಟಕ್ಕೆ ಮೂರೇ ಸಾಲು, ದಪ್ಪ ಅಕ್ಷರ. ಬರೆದ ಸಾಲಿನ ಕೆಳಗೆ ಎಡಗೈ ಹೆಬ್ಬೆರಳು ಇಟ್ಟುಕೊಂಡರೆ ಮುಂದಿನ ಸಾಲು ಅದರ ಮೇಲೆ ಹತ್ತುವುದಿಲ್ಲ. ಇಂಟರ್ವಲ್ ಬಂದಾಗ ಕಾಫಿಗೆ ಏಳುವ ಮೊದಲು ಒಮ್ಮೆ ಓದಿಕೊಳ್ಳಿ. ಆಗಲೇ ಅರ್ಥವಾಗದ ಅಕ್ಷರ ರಾತ್ರಿ ಮನೆಗೆ ಹೋದ ಮೇಲೆ ಖಂಡಿತ ಅರ್ಥವಾಗುವುದಿಲ್ಲ.

ಏನು ಬರೆದುಕೊಳ್ಳಬೇಕು? ‘ಸೂಪರ್’, ‘ಬೋರ್’ ಅಂತ ಬರೆಯಬೇಡಿ. ಅದು ಹೇಗೂ ನಿಮ್ಮ ಜೊತೆ ಮನೆಗೆ ಬರುತ್ತದೆ. ಕಣ್ಣಿಗೆ ಬಿದ್ದದ್ದು, ಕಿವಿಗೆ ಕೇಳಿದ್ದು ಬರೆಯಿರಿ. ‘ಮಗ ಕೇಳಿದ್ದಕ್ಕೆ ಅಮ್ಮ ಉತ್ತರ ಕೊಡಲಿಲ್ಲ, ಸೆರಗಿನಿಂದ ಲೋಟ ಒರೆಸಿದಳು’ ಅಂತ. ಎರಡು ದಿನ ಕಳೆದರೆ ಆ ಲೋಟ, ಆ ಸೆರಗು ಮರೆತುಹೋಗುತ್ತದೆ. ವಿಮರ್ಶೆ ಬರೆಯಲು ಕೂತಾಗ ಬೇಕಾಗುವುದು ಅದೇ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೂ ಅಷ್ಟೇ. ನೀವು ಹೊಗಳಿ, ತೆಗಳಿ, ಏನೇ ಹೇಳಿ. ‘ಯಾಕೆ?’ ಅಂತ ಓದುವವರು ಕೇಳಿದರೆ ತೋರಿಸಲು ಒಂದು ದೃಶ್ಯವೋ ಒಂದು ಪುಟವೋ ನಿಮ್ಮ ಕೈಯಲ್ಲಿರಬೇಕು.

ನಾನ್ಯಾರು ಹೇಳೋಕೆ ಅಂತ ಹಿಂಜರಿಯಬೇಡಿ

ಸಿನಿಮಾ ಬಗ್ಗೆ ಮಾತಾಡಲು ಓದಿರಬೇಕು, ಊರು ದೊಡ್ಡದಿರಬೇಕು ಅನ್ನುವ ಅಳುಕು ತುಂಬ ಜನಕ್ಕಿದೆ. ಅವರಿಗೆ ನಾನು ಹೆಗ್ಗೋಡಿನ ಕಥೆ ಹೇಳುತ್ತೇನೆ. ಸಾಗರ ತಾಲ್ಲೂಕಿನ ಅಡಿಕೆ ತೋಟಗಳ ನಡುವಿನ ಪುಟ್ಟ ಊರು ಅದು. ಅಲ್ಲಿ 1949ರಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಹುಟ್ಟಿತು. 1973ರಲ್ಲಿ ಅದನ್ನು ನಡೆಸುತ್ತಿದ್ದ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಚಿತ್ರಸಮಾಜ, ಅಂದರೆ ಫಿಲ್ಮ್ ಸೊಸೈಟಿ, ಶುರುಮಾಡಿದರು. ಬೇರೆ ಬೇರೆ ದೇಶಗಳ ಸಿನಿಮಾ ತರಿಸಿ ಊರವರಿಗೆ ತೋರಿಸಿದರು, ನೋಡಿದ ಮೇಲೆ ಕೂತು ಮಾತಾಡಿದರು. ಸಿನಿಮಾ ರಸಗ್ರಹಣ ಶಿಬಿರಗಳೂ ನಡೆದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳುತ್ತಿದ್ದ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಪಾಠ ಮಾಡಿದರು. ತೋಟದ ಕೆಲಸ ಮುಗಿಸಿ ಬಂದವರು ಕೂತು ಚರ್ಚೆ ಮಾಡಬಹುದಾದರೆ ನಾವು ನೀವು ಯಾಕೆ ಮಾಡಬಾರದು?

ಎರಡು ಸಲ ನೋಡಿ

ಮೊದಲ ಸಲ ಸುಮ್ನೆ ನೋಡಿ. ನಗು ಬಂದರೆ ನಕ್ಕುಬಿಡಿ, ಅಳು ಬಂದರೆ ಅತ್ತುಬಿಡಿ. ನೋಟ್‌ಬುಕ್ಕಿನಲ್ಲಿ ಐದಾರು ಗುರುತು ಹಾಕಿಕೊಂಡರೆ ಸಾಕು. ಎರಡನೇ ಸಲ ನೋಡುವಾಗ ಕಥೆ ಗೊತ್ತಿರುತ್ತದೆ, ಹಾಗಾಗಿ ಕಣ್ಣಿಗೆ ಬಿಡುವು ಸಿಗುತ್ತದೆ. ಕ್ಯಾಮೆರಾ ಎಲ್ಲಿದೆ, ಯಾರ ಮುಖ ತೋರಿಸುತ್ತಿದೆ, ಸಂಗೀತ ಯಾವಾಗ ನಿಂತಿತು ಅನ್ನುವುದೆಲ್ಲ ಆಗ ಕಾಣುತ್ತದೆ. ಎರಡು ಟಿಕೆಟ್ಟಿನ ದುಡ್ಡು ಜಾಸ್ತಿಯಾಯಿತು ಅನ್ನಿಸಿದರೆ ಒಟಿಟಿಗೆ ಬರುವವರೆಗೆ ಕಾಯಿರಿ. ಬಿಡುಗಡೆಯ ದಿನವೇ ಬರೆಯಬೇಕು ಅನ್ನುವ ಒತ್ತಡ ಪತ್ರಿಕೆಯವರಿಗೆ ಇರುತ್ತದೆ. ಹವ್ಯಾಸಕ್ಕೆ ಬರೆಯುವ ನಮಗಿಲ್ಲ. ಇದು ನಮ್ಮ ದೊಡ್ಡ ಅನುಕೂಲ.

ಒಂದು ದೃಶ್ಯ ಹಿಡಿದುಕೊಳ್ಳಿ

‘ತಿಥಿ’ ಸಿನಿಮಾ ತೆಗೆದುಕೊಳ್ಳೋಣ. ರಾಮ್ ರೆಡ್ಡಿ ನಿರ್ದೇಶನ, ಈರೇಗೌಡರ ಜೊತೆ ಸೇರಿ ಬರೆದ ಕಥೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದದ್ದು. ನಟಿಸಿದವರು ಅಲ್ಲಿನ ಹಳ್ಳಿಯ ಜನ, ನಟನೆ ಅವರ ಕಸುಬಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. ಇದರ ಬಗ್ಗೆ ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ: ‘ಎಲ್ಲರ ನಟನೆಯೂ ಸಹಜವಾಗಿದೆ. ಹಳ್ಳಿಯ ಬದುಕನ್ನು ನಿರ್ದೇಶಕರು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾರೆ.’

ಇದರಲ್ಲಿ ಸುಳ್ಳೇನಿಲ್ಲ. ಆದರೆ ಈ ಎರಡು ಸಾಲನ್ನು ಕಿತ್ತು ಇನ್ನೊಂದು ನೂರು ಸಿನಿಮಾಕ್ಕೆ ಅಂಟಿಸಬಹುದು. ‘ತಿಥಿ’ಯದೇ ಅನ್ನುವಂಥದ್ದು ಒಂದೂ ಇಲ್ಲ.

ಈಗ ಒಂದು ದೃಶ್ಯ ನೆನಪು ಮಾಡಿಕೊಳ್ಳೋಣ. ಗಡ್ಡಪ್ಪ ಅನ್ನುವ ಮುದುಕ ಮನೆ, ಆಸ್ತಿ ಯಾವುದೂ ಬೇಡ ಅಂತ ಅಲೆಯುವವನು. ಮಗ ತಮ್ಮಣ್ಣನಿಗೆ ಜಮೀನು ಮಾರುವ ಆತುರ. ಅಪ್ಪನ ಸಾವಿನ ಸರ್ಟಿಫಿಕೇಟ್ ಸುಳ್ಳೇ ಮಾಡಿಸುವಷ್ಟು ಆತುರ. ಈ ಗಡ್ಡಪ್ಪ ಒಂದು ರಾತ್ರಿ ಕುರಿ ಕಾಯುವವರ ಜೊತೆ ಕೂತು ತನ್ನ ಹಳೆಯ ಕಥೆ ಹೇಳುತ್ತಾನೆ. ಇಂಥ ಕಡೆ ಬಹುತೇಕ ಸಿನಿಮಾಗಳು ಫ್ಲ್ಯಾಶ್‌ಬ್ಯಾಕ್‌ಗೆ ಹೋಗುತ್ತವೆ. ಯೌವನದ ಗಡ್ಡಪ್ಪನಾಗಿ ಇನ್ನೊಬ್ಬ ನಟ ಬರುತ್ತಾನೆ, ಪಿಟೀಲು ಶುರುವಾಗುತ್ತದೆ. ಇಲ್ಲಿ ಹಾಗಿಲ್ಲ. ನಮ್ಮೆದುರು ಇರುವುದು ಅವನೇ, ಅವನ ಮಾತೇ. ಅಲ್ಲಿಯವರೆಗೆ ನಾವು ನಕ್ಕುಕೊಂಡು ನೋಡಿದ ಮುದುಕ ಆ ಕೆಲವೇ ನಿಮಿಷದಲ್ಲಿ ಬೇರೆಯೇ ಮನುಷ್ಯನಾಗಿ ಕಾಣುತ್ತಾನೆ. ಅವನಿಗೆ ಆಸ್ತಿ ಯಾಕೆ ಬೇಡ ಅನ್ನುವುದು ಗೊತ್ತಾಗುತ್ತದೆ.

ಇಷ್ಟು ಬರೆದ ಮೇಲೆ ‘ನಟನೆ ಸಹಜವಾಗಿದೆ’ ಅಂತ ಹೇಳುವ ಅಗತ್ಯವೇ ಉಳಿಯುವುದಿಲ್ಲ, ಅಲ್ವಾ? ಓದುವವರಿಗೆ ಅದು ಕಂಡಿರುತ್ತದೆ. ಅವನು ಹೇಳಿದ ಗುಟ್ಟೇನು ಅಂತ ನಾನು ಬರೆದಿಲ್ಲ ಅನ್ನುವುದನ್ನೂ ಗಮನಿಸಿ. ಬರೆಯದೆಯೂ ದೃಶ್ಯದ ತೂಕ ಹೇಳಬಹುದು.

ಹೀಗೆ ಮೂರು ದೃಶ್ಯ ಆರಿಸಿಕೊಳ್ಳಿ. ಒಂದು ನಿಮಗೆ ತುಂಬ ಹಿಡಿಸಿದ್ದು, ಒಂದು ಹಿಡಿಸದ್ದು, ಇನ್ನೊಂದು ಯಾಕೋ ತಲೆಯಿಂದ ಹೋಗದೇ ಇರುವುದು. ನನ್ನ ಅನುಭವದಲ್ಲಿ ಒಳ್ಳೆಯ ವಿಮರ್ಶೆ ಹುಟ್ಟುವುದು ಮೂರನೆಯದರಿಂದ. ಅದು ಯಾಕೆ ಕಾಡುತ್ತಿದೆ ಅಂತ ಹುಡುಕುತ್ತಾ ಹೋದರೆ ಸಿನಿಮಾದ ಒಳಗೆ ಹೋಗುವ ಬಾಗಿಲು ಸಿಗುತ್ತದೆ.

ಕಾದಂಬರಿಯಾದರೆ: ಹೇಳುತ್ತಿರುವವರು ಯಾರು?

ಕಾದಂಬರಿ ಓದುವಾಗ ಪೆನ್ಸಿಲ್ ಕೈಯಲ್ಲೇ ಇರಲಿ. ಪುಸ್ತಕ ನಿಮ್ಮದಾದರೆ ಅಂಚಿನಲ್ಲಿ ಗೆರೆ ಎಳೆಯಿರಿ, ಗ್ರಂಥಾಲಯದ್ದಾದರೆ ಚೀಟಿ ಇಡಿ. ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ, ಆಮೇಲೆ ಹುಡುಕುವ ಗೋಳು ಬೇಡ.

ಕಥೆ ಏನು ಅಂತ ಎರಡು ಪ್ಯಾರಾದಲ್ಲಿ ಮುಗಿಸಿ. ಜಾಸ್ತಿ ಜಾಗ ಇದಕ್ಕೆ ಕೊಡಿ: ಕಥೆ ಹೇಳುತ್ತಿರುವವರು ಯಾರು, ಅವರು ಏನನ್ನು ಹೇಳುತ್ತಿಲ್ಲ? ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದಕ್ಕೆ ಒಳ್ಳೆಯ ಉದಾಹರಣೆ. ಕಾಫಿ ಹೌಸಿನಲ್ಲಿ ಕೂತ ಒಬ್ಬ ಯುವಕ ತನ್ನ ಮನೆಯ ಕಥೆ ಹೇಳುತ್ತಾನೆ. ಅವನ ಹೆಸರು ನಮಗೆ ತಿಳಿಯುವುದೇ ಇಲ್ಲ. ಬಡತನದ ದಿನಗಳಲ್ಲಿ ಅವರ ಪುಟ್ಟ ಮನೆಗೆ ಇರುವೆಗಳು ನುಗ್ಗುತ್ತಿದ್ದವು, ಮನೆಮಂದಿಯೆಲ್ಲ ಸೇರಿ ಅವನ್ನು ಕೊಲ್ಲುತ್ತಿದ್ದರು. ಓದುವಾಗ ಅದು ಬಡವರ ಮನೆಯ ಸಾಮಾನ್ಯ ಗೋಳಿನಂತೆ ಕಾಣುತ್ತದೆ. ಪುಸ್ತಕ ಮುಗಿಸಿ ಆ ಪುಟಗಳಿಗೆ ವಾಪಸ್ ಬಂದು ನೋಡಿ. ಆ ಮನೆಯವರು ಹೊರಗಿನಿಂದ ಬಂದದ್ದನ್ನು ಹೇಗೆ ನೋಡುತ್ತಾರೆ ಅನ್ನುವುದು ಅಲ್ಲೇ ಇತ್ತು. ಹೇಳುತ್ತಿದ್ದವನಿಗೆ ಅದು ಗೊತ್ತಿತ್ತೋ ಇಲ್ಲವೋ? ಈ ಒಂದು ಪ್ರಶ್ನೆಯನ್ನು ಬೆನ್ನಟ್ಟಿದರೆ ನಿಮ್ಮ ಇಡೀ ವಿಮರ್ಶೆ ಬರೆದು ಮುಗಿಯುತ್ತದೆ.

ಕಾದಂಬರಿ ಸಿನಿಮಾ ಆದಾಗ ಇನ್ನೊಂದು ಬಲೆ ಇದೆ. ‘ಪುಸ್ತಕದಲ್ಲಿದ್ದ ಇದು ಸಿನಿಮಾದಲ್ಲಿ ಇಲ್ಲ, ಅದೂ ಇಲ್ಲ’ ಅಂತ ಲೆಕ್ಕ ಕೊಡುತ್ತಾ ಕೂರುವುದು. 1972ರ ‘ನಾಗರಹಾವು’ ಮಾಡುವಾಗ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಒಂದು ಚಿತ್ರಕಥೆ ಮಾಡಿದರು. ಸಿನಿಮಾ ನೋಡಿ ತ.ರಾ.ಸು. ಬೇಸರ ಪಟ್ಟುಕೊಂಡರು. ಜನ ಮಾತ್ರ ಆ ಸಿನಿಮಾವನ್ನು ಇವತ್ತಿಗೂ ಬಿಟ್ಟಿಲ್ಲ. ಮೂರು ಪುಸ್ತಕ ಒಂದು ಸಿನಿಮಾದೊಳಗೆ ಹಿಡಿಸಬೇಕಾದರೆ ಬಿಡಲೇಬೇಕು. ಹಾಗಾಗಿ ಬಿಟ್ಟದ್ದರ ಪಟ್ಟಿಗಿಂತ ಉಳಿಸಿಕೊಂಡದ್ದರ ಮೇಲೆ ಕಣ್ಣಿಡಿ. ಚಾಮಯ್ಯ ಮೇಷ್ಟ್ರು ಮತ್ತು ರಾಮಾಚಾರಿಯ ಸಂಬಂಧವನ್ನು ನಿರ್ದೇಶಕರು ನಡುಗಂಬ ಮಾಡಿಕೊಂಡರು. ಚಿತ್ರದುರ್ಗದ ಬಂಡೆಗಳನ್ನು ರಾಮಾಚಾರಿಯ ಸಿಟ್ಟಿನ ಪಕ್ಕದಲ್ಲೇ ನಿಲ್ಲಿಸಿದರು. ಇವು ಸಿನಿಮಾಕ್ಕೆ ಏನು ಮಾಡಿದವು ಅಂತ ಬರೆದರೆ ಪುಸ್ತಕ ಓದದವರಿಗೂ ನಿಮ್ಮ ಲೇಖನ ಉಪಯೋಗಕ್ಕೆ ಬರುತ್ತದೆ.

ಧಾರಾವಾಹಿ, ಕಾಮಿಕ್ಸ್

ಧಾರಾವಾಹಿಯನ್ನು ಒಂದು ಕಂತು ನೋಡಿ ಬರೆಯಬೇಡಿ. ಎರಡು ವಾರ ಬಿಡದೆ ನೋಡಿ. ಸೋಮವಾರ ಇದ್ದ ಕಥೆ ಶುಕ್ರವಾರಕ್ಕೆ ಎಷ್ಟು ಮುಂದೆ ಹೋಯಿತು ಅಂತ ಬರೆದಿಟ್ಟುಕೊಳ್ಳಿ. ಮೂರು ಮುಖಕ್ಕೆ ಮೂರು ಸಲ ಜೂಮ್ ಮಾಡಿದರು ಅಂತ ಎಲ್ಲರೂ ಬರೆದಾಗಿದೆ. ಅಡುಗೆಮನೆಯಲ್ಲಿ ಯಾರು ಕೆಲಸ ಮಾಡುತ್ತಿದ್ದಾರೆ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಅಂತ ಬರೆದರೆ ಹೊಸದಾಗಿರುತ್ತದೆ.

ಕಾಮಿಕ್ಸ್‌ನಲ್ಲಿ ಕಥೆಯ ಜೊತೆಗೆ ಪುಟವನ್ನೂ ನೋಡಬೇಕು. ಚೌಕಗಳು ಒಂದೇ ಅಳತೆಯಲ್ಲಿವೆಯೋ, ಒಂದು ಎಲ್ಲೋ ಇಡೀ ಪುಟ ಹಿಡಿದಿದೆಯೋ? ಪುಟ ತಿರುಗಿಸಿದ ಕೂಡಲೇ ಏನು ಎದುರಾಗುತ್ತದೆ? ಎರಡು ಚೌಕಗಳ ನಡುವೆ ನಡೆದದ್ದನ್ನು ಓದುವವರೇ ಊಹಿಸಿಕೊಳ್ಳಬೇಕು, ಆ ಜಾಗವನ್ನು ಚಿತ್ರಕಾರರು ಹೇಗೆ ಬಳಸಿದ್ದಾರೆ ನೋಡಿ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಬೆಳೆಸಲು ಶುರುಮಾಡಿದ ‘ಅಮರ ಚಿತ್ರ ಕಥೆ’ಯ ಹಳೆಯ ಸಂಚಿಕೆ ಮನೆಯಲ್ಲಿದ್ದರೆ ಅದರಲ್ಲೇ ಅಭ್ಯಾಸ ಮಾಡಬಹುದು. ರಾಕ್ಷಸರಿಗೆ ಯಾವ ಬಣ್ಣ, ದೇವರಿಗೆ ಯಾವ ಬಣ್ಣ ಅಂತ ಗಮನಿಸಿದರೂ ಬರೆಯಲು ವಿಷಯ ಸಿಗುತ್ತದೆ.

ಹೆಸರುಗಳನ್ನು ಸರಿಯಾಗಿ ನೋಡಿ

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಕೆಲವು ವರ್ಷಗಳ ಹಿಂದೆ ಒಂದು ಸಿನಿಮಾದ ನಾಯಕಿಯ ಬಗ್ಗೆ ಬರೆದೆ. ಮುಖದಲ್ಲಿ ನೋವಿದೆ, ದನಿಯಲ್ಲಿ ಇಲ್ಲ, ಮಾತು ಒಪ್ಪಿಸಿದ ಹಾಗಿದೆ ಅಂತ ಕಟುವಾಗಿಯೇ ಬರೆದಿದ್ದೆ. ನಮ್ಮ ಅತ್ತಿಗೆ ಓದಿ ಕೇಳಿದರು, “ಆ ಹುಡುಗಿಗೆ ಕನ್ನಡವೇ ಬರಲ್ವಲ್ಲ, ದನಿ ಅವಳದೇನಾ? ನೋಡಿದ್ರಾ?” ನಾನು ನೋಡಿರಲಿಲ್ಲ. ಕೊನೆಯ ಹೆಸರುಗಳು ಬರುವ ಹೊತ್ತಿಗೆ ಎದ್ದು ಬಂದಿದ್ದೆ. ಮತ್ತೆ ನೋಡಿದಾಗ ‘ಕಂಠದಾನ’ ಅನ್ನುವ ಪದದ ಕೆಳಗೆ ಬೇರೆ ಹೆಸರಿತ್ತು. ಯಾರದೋ ತಪ್ಪಿಗೆ ಇನ್ಯಾರನ್ನೋ ಬಯ್ದಿದ್ದೆ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಅಂದಿನಿಂದ ಹೆಸರುಗಳು ಮುಗಿಯುವವರೆಗೆ ನಾನು ಸೀಟು ಬಿಟ್ಟು ಏಳುವುದಿಲ್ಲ. ಸಂಕಲನ, ಛಾಯಾಗ್ರಹಣ, ಸಂಭಾಷಣೆ, ಕಂಠದಾನ, ಧ್ವನಿ ಇಷ್ಟನ್ನಾದರೂ ಬರೆದುಕೊಳ್ಳುತ್ತೇನೆ. ಅನುವಾದ ಪುಸ್ತಕವಾದರೆ ಅನುವಾದಕರ ಹೆಸರು ಬಿಡಲೇಬೇಡಿ. ನಿಮಗೆ ಹಿಡಿಸಿದ ಆ ವಾಕ್ಯ ಕನ್ನಡದಲ್ಲಿ ಬರೆದದ್ದು ಅವರು.

ಎಷ್ಟು ಹೇಳಬೇಕು

ಕಥೆಯ ಮೊದಲ ಮೂರನೇ ಒಂದು ಭಾಗದಲ್ಲಿ ನಡೆಯುವುದನ್ನು ಹೇಳಿ, ಅಲ್ಲಿಗೆ ನಿಲ್ಲಿಸಿ. ಹಳೆಯ ಸಿನಿಮಾ ಅಲ್ವಾ, ಎಲ್ಲರಿಗೂ ಕೊನೆ ಗೊತ್ತು ಅಂತ ಅಂದುಕೊಳ್ಳಬೇಡಿ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದು. ಅದನ್ನು ಹೊಸದಾಗಿ ದುರಸ್ತಿ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಅಲ್ಲಿ ಕೂತಿದ್ದ ಎಷ್ಟೋ ಜನರಿಗೆ ಅದರ ನಾಯಕಿ ಯಮುನೆಯ ಕಥೆ ಅವತ್ತೇ ಹೊಸದು. ಕೊನೆಯ ಬಗ್ಗೆ ಮಾತಾಡದೆ ಆಗುವುದೇ ಇಲ್ಲ ಅನ್ನಿಸಿದರೆ ‘ಇಲ್ಲಿಂದ ಮುಂದೆ ಸಿನಿಮಾದ ಕೊನೆಯ ಮಾತಿದೆ’ ಅಂತ ಒಂದು ಸಾಲು ಹಾಕಿ ಬರೆಯಿರಿ.

ಪುಸ್ತಕದ ಕೆಲವು ಸಾಲು, ಸಿನಿಮಾದ ಒಂದು ಮಾತು ಎತ್ತಿಕೊಳ್ಳಲು ಹೆದರಬೇಕಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗಾಗಿ ನ್ಯಾಯವಾಗಿ ಬಳಸಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಬೇಕಾದಷ್ಟೇ ತೆಗೆದುಕೊಳ್ಳಿ, ಯಾರದ್ದು ಅಂತ ಹೇಳಿ. ಇಡೀ ಅಧ್ಯಾಯ ಎತ್ತಿ ಹಾಕಿದರೆ ಅದು ವಿಮರ್ಶೆ ಆಗುವುದಿಲ್ಲ.

ಸ್ಟಾರ್ ಕೊಡಬೇಕಾ? ನಾನು ಕೊಡುವುದಿಲ್ಲ. ಕೊಟ್ಟರೆ ಓದುವವರು ಅದನ್ನಷ್ಟೇ ನೋಡಿ ಹೋಗುತ್ತಾರೆ. ಗೆಳೆಯರ ಪುಸ್ತಕ, ನೆಂಟರ ಸಿನಿಮಾ ಬಂದರೆ ಮೊದಲ ಪ್ಯಾರಾದಲ್ಲೇ ಹೇಳಿಬಿಡಿ. ಹೇಳಲು ಮುಜುಗರವಾದರೆ ಅದರ ಬಗ್ಗೆ ಬರೆಯುವುದೇ ಬೇಡ.

ಬರೆದಾದ ಮೇಲೆ

ಹೊಸಬರಿಗೆ ನಾನೂರರಿಂದ ಆರುನೂರು ಪದ ಸಾಕು. ಮೊದಲ ಕರಡು ಬರೆದು ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಎದ್ದು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ವಾಕ್ಯ ಮುರಿಯಿರಿ. ‘ಅದ್ಭುತ’, ‘ಮನಮುಟ್ಟುವ’, ‘ಕಣ್ಣಿಗೆ ಹಬ್ಬ’ ಅನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದರ ಪಕ್ಕದಲ್ಲೂ ಒಂದು ದೃಶ್ಯ ಇದೆಯೇ ನೋಡಿ. ಇದ್ದರೆ ಪದ ತೆಗೆದು ದೃಶ್ಯ ಉಳಿಸಿ. ಇಲ್ಲದಿದ್ದರೆ ನೋಟ್‌ಬುಕ್ ತೆರೆದು ಹುಡುಕಿ.

ತಪ್ಪು ಯಾರಾದರೂ ತೋರಿಸಿಕೊಟ್ಟರೆ ಲೇಖನದ ತಲೆಯ ಮೇಲೇ ದಿನಾಂಕ ಹಾಕಿ ತಿದ್ದಿ. ಆ ನಾಯಕಿಯ ಬಗ್ಗೆ ಬರೆದದ್ದನ್ನು ನಾನು ಹಾಗೇ ತಿದ್ದಿದೆ. ಕಂಠದಾನ ಮಾಡಿದವರ ಹೆಸರು ಸೇರಿಸಿದೆ, ನನ್ನ ತಪ್ಪೇನು ಅಂತ ಎರಡು ಸಾಲು ಬರೆದೆ. ಆಮೇಲೆ ದನಿಯನ್ನು ಮರೆತು ಅವಳ ಮುಖವನ್ನಷ್ಟೇ ನೋಡುತ್ತಾ ಸಿನಿಮಾವನ್ನು ಮೂರನೇ ಸಲ ನೋಡಿದೆ. ಆಗ ಬಾವಿಕಟ್ಟೆಯ ದೃಶ್ಯದ ಬಗ್ಗೆ ಹೊಸದಾಗಿ ಒಂದು ಪ್ಯಾರಾ ಬರೆಯಲು ಸಾಧ್ಯವಾಯಿತು.