ಫೋನ್ ಸುಮ್ಮನಿದ್ದಾಗಲೇ ಮಕ್ಕಳ ತಲೆ ಓಡಿತು

ಪಾವಗಡದ ಕಡೆ ನಮ್ಮ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಅದರ ಮೇಲೆ ಆರನೇ ಕ್ಲಾಸಿನ ವಿಜ್ಞಾನವನ್ನು ನಾನು ಕನ್ನಡ, ಇಂಗ್ಲಿಷ್ ಎರಡರಲ್ಲೂ ಶುರು ಮಾಡಿದಾಗ ಸ್ಟಾಫ್ ರೂಮಿನಲ್ಲಿ ನಕ್ಕರು. ‘ಹುಡುಗರ ತಲೆ ಕಲಸುಮೇಲೋಗರ ಆಗುತ್ತೆ ಮೇಷ್ಟ್ರೇ’ ಅಂದರು. ಈಗ ಅವರೇ ನನ್ನ ಪ್ರಶ್ನೋತ್ತರ ಕಾರ್ಡ್‌ಗಳ ಫೈಲ್ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಒಂದು ಕಲಿಕಾ ಆಪ್‌ಗೆ ವರ್ಷಕ್ಕೆ 4,000 ಚಿಲ್ಲರೆ ಕಟ್ಟಿದೆ. ಅನಿಮೇಶನ್ ಭರ್ಜರಿ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು, ಮುಂದಿನ ವಾರ ಕೇಳಿದರೆ ಸೊನ್ನೆ. ಆಮೇಲೆ ಉಚ್ಚಾರಣೆ ತಿದ್ದುವ ಇನ್ನೊಂದು ಆಪ್. ನಮ್ಮೂರ ಇಂಗ್ಲಿಷ್ ಅದರ ಕಿವಿಗೆ ಬೀಳಲೇ ಇಲ್ಲ. ಸರಿಯಾಗಿ ಹೇಳಿದ ಹುಡುಗಿಗೂ ಕೆಂಪು ಗುರುತು ಹಾಕಿತು, ಅವಳು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಪ್ರೊಜೆಕ್ಟರ್ ಬಾಡಿಗೆಗೆ ತಂದರೆ ಕರೆಂಟ್ ಇಲ್ಲ. 2,000 ಮೆಗಾವಾಟ್ ದಾಟಿದ ಸೋಲಾರ್ ಪಾರ್ಕ್ ಇರುವ ತಾಲ್ಲೂಕು ಇದು! ಒಟ್ಟು 12,000ದ ಹತ್ತಿರ ಕೈಬಿಟ್ಟು ಹೋಯಿತು.

ಕೊನೆಗೆ ಉಳಿದದ್ದು ಎರಡು ಸೆಕೆಂಡ್ ಹ್ಯಾಂಡ್ ಫೋನು, ಒಂದು ಬ್ಲೂಟೂತ್ ಸ್ಪೀಕರ್, ಪುಕ್ಕಟೆ ಸಿಗುವ ಆಂಕಿಡ್ರಾಯ್ಡ್ ಅನ್ನುವ ಪ್ರಶ್ನೋತ್ತರ ಕಾರ್ಡಿನ ಆಪ್. ಧ್ವನಿ ನನ್ನದೇ. ಪ್ರಶ್ನೆ ಕನ್ನಡದಲ್ಲಿ, ಉತ್ತರ ಇಂಗ್ಲಿಷಿನಲ್ಲಿ, ಮರುದಿನ ಉಲ್ಟಾ. ನಡುವೆ ಎಂಟು-ಹತ್ತು ಸೆಕೆಂಡ್ ಫೋನ್ ತುಟಿ ಬಿಚ್ಚಬಾರದು. ಎಲ್ಲಾ ಇರುವುದು ಅಲ್ಲೇ. ಆ ಹೊತ್ತಿನಲ್ಲಿ ಮಿದುಳಲ್ಲಿ ಎರಡೂ ಭಾಷೆಯ ಪದಗಳು ಒಟ್ಟಿಗೆ ಮೇಲೆದ್ದು ಬರುತ್ತವೆ. ಬೇಡದ್ದನ್ನು ಅದುಮಿ ಬೇಕಾದ್ದನ್ನು ಎಳೆಯಬೇಕು. ಹೀಗೆ ತಡಕಾಡಿ ತೆಗೆದದ್ದೇ ಗಟ್ಟಿಯಾಗಿ ಉಳಿಯುವುದು. ಥಟ್ಟನೆ ಉತ್ತರ ತೋರಿಸುವ ಆಪ್ ಈ ಕೆಲಸವನ್ನೇ ಕಿತ್ತುಕೊಳ್ಳುತ್ತದೆ, ಅಲ್ವಾ? ಯಾವ ಕಾರ್ಡ್ ಆದಮೇಲೆ ಯಾವುದು ಬರಬೇಕು ಅನ್ನುವ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ ಬಿಡಿ.

ದಸರಾ ರಜೆ ಮುಗಿದ ಮೊದಲ ದಿನ ಹೇಳದೆ ಕೇಳದೆ ಪರೀಕ್ಷೆ ಇಟ್ಟೆ. ಆಪ್ ಕಾಲದಲ್ಲಿ 20 ಪದಕ್ಕೆ ಐದಾರು ಬರುತ್ತಿತ್ತು. ಈ ಸಲ ಹದಿಮೂರು, ಹದಿನಾಲ್ಕು.

ಮಧ್ಯೆ ಇನ್ನೊಂದು ಹುಚ್ಚು. ನಿದ್ದೆಯಲ್ಲಿ ನೆನಪು ಗಟ್ಟಿಯಾಗುತ್ತದಲ್ಲ, ಮಲಗುವ ಮುಂಚೆ ಐದು ಕಾರ್ಡ್ ಕೇಳಿಸಿ ಅಂತ ಪೋಷಕರ ವಾಟ್ಸಾಪ್‌ಗೆ ಆಡಿಯೋ ಹಾಕಿದೆ. ಕೇಳಿದವರು ಸ್ವಲ್ಪ ಮುಂದಿದ್ದರು ನಿಜ. ಆದರೆ ಫೋನ್ ಕೈಗೆ ಸಿಕ್ಕಮೇಲೆ ರೀಲ್ಸ್ ನೋಡಿ ಹನ್ನೊಂದಕ್ಕೆ ಮಲಗುತ್ತಾರೆ ಅಂತ ತಾಯಂದಿರು ಜಗಳಕ್ಕೇ ಬಂದರು. ನಿಲ್ಲಿಸಿದೆ.

ಜಾಸ್ತಿ ಭಾಷೆಯಿಂದ ತಲೆ ಕೆಡುತ್ತೆ ಅನ್ನುವವರಿಗೆ ನಾನು ಹೇಳುವುದು ತೆಲುಗರ ನಾಡಿನದೇ ಸುದ್ದಿ. 2013ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನದಲ್ಲಿ ಡಾ. ಸುವರ್ಣಾ ಅಲ್ಲಾಡಿ ತಂಡ ಡಿಮೆನ್ಷಿಯಾ ಅಂದರೆ ಮರೆವಿನ ಕಾಯಿಲೆಯ 648 ರೋಗಿಗಳನ್ನು ನೋಡಿತ್ತು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಬಾರದವರಲ್ಲೂ. ಹಾಗಂತ ಎರಡು ಭಾಷೆ ಕಲಿತ ಮಗು ಎಲ್ಲದರಲ್ಲೂ ಚುರುಕು ಅಂತ ನಾನು ಸುಮ್ನೆ ಡಂಗುರ ಹೊಡೆಯುವುದಿಲ್ಲ. ಆ ಮಾತಿಗೆ ದೊಡ್ಡ ಅಧ್ಯಯನಗಳಲ್ಲಿ ಅಷ್ಟು ಬಲ ಸಿಕ್ಕಿಲ್ಲ.

ಈ ವರ್ಷ ಏಳನೇ ಕ್ಲಾಸಿಗೂ ಕಾರ್ಡ್ ಮಾಡುತ್ತಿದ್ದೇನೆ. ಈ ಸಲ ಧ್ವನಿ ಮಕ್ಕಳದೇ. ಇನ್ನೊಂದು ಫೋನ್ ಬೇಕು. 3,000ದೊಳಗೆ ಎಲ್ಲಾದರೂ ಸಿಕ್ಕರೆ ಹೇಳಿ. ಸ್ಕ್ರೀನ್ ಒಡೆದಿದ್ದರೂ ನಡೆಯುತ್ತೆ, ಸ್ಪೀಕರ್ ಮಾತ್ರ ಸರಿ ಇರಬೇಕು.