ಸೊಸೆ ಮುಂದೆ, ಮಗ ಹಿಂದೆ: ಪೀಚ್‌ಟ್ರೀ ಓಟದಲ್ಲಿ ನನ್ನ ಅನುಭವ

ಓಟದ ಜಗಳ ನಮ್ಮನೆಯಲ್ಲಿ ಮಾರ್ಚ್‌ನಲ್ಲೇ ಶುರುವಾಯ್ತು. ನಾನಿನ್ನೂ ಮೈಸೂರಲ್ಲೇ ಇದ್ದೆ. ಅಟ್ಲಾಂಟಾದಿಂದ ಮಗ ಫೋನ್ ಮಾಡಿ, "ಅಮ್ಮ, ಜುಲೈ 4ರ ಪೀಚ್‌ಟ್ರೀ ಓಟಕ್ಕೆ ಎಲ್ಲರ ಹೆಸರೂ ಕೊಡ್ತಿದೀನಿ. ನಾಲ್ಕೂ ಜನ ಒಟ್ಟಿಗೇ ಹೋಗೋಣ. ಕೊನೇ ಗುಂಪಿಗೆ ಹಾಕಿಸ್ತೀನಿ" ಅಂದ.

"ಕೊನೇ ಗುಂಪು ಯಾಕೋ?"

"ನಿಂಗೆ ಆರಾಮಾಗಿರ್ಲಿ ಅಂತ."

ನನಗೆ ಅರವತ್ಮೂರು. ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವಳು. ಐವತ್ತು ದಾಟಿದ ಮೇಲೆ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯಲು ಶುರು ಮಾಡಿ, ನಡಿಗೆ ಹಾಗೇ ಓಟಕ್ಕೆ ತಿರುಗಿತು. ಹತ್ತು ಕಿಲೋಮೀಟರ್ ಓಟಗಳಲ್ಲಿ ನನ್ನ ಸಮಯ ಎಷ್ಟು ಅಂತ ಬರೆದಿಟ್ಟಿದ್ದೇನೆ. ನಮ್ಮ ಮಗ ಓಡೋದು ವಿಮಾನ ತಪ್ಪಿಹೋಗೋ ಹಾಗಿದ್ರೆ ಮಾತ್ರ. ಅಂಥವನು ನನಗೆ ಆರಾಮ ಹುಡುಕ್ತಾನಲ್ಲ, ಅದಕ್ಕೇ ಸಿಟ್ಟು ಬಂತು.

ಈ ಓಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ, ಊರಿಗೆಲ್ಲ ರಜೆ. 1970ರಲ್ಲಿ ಅಟ್ಲಾಂಟಾದ ಪೀಚ್‌ಟ್ರೀ ರಸ್ತೆಯಲ್ಲಿ 110 ಜನ ಸೇರಿ ಮೊದಲ ಸಲ ಓಡಿದರು. ಮಾರನೇ ವರ್ಷದಿಂದ ಓಟ ಮುಗಿಸಿದವರಿಗೆ ಟೀ ಶರ್ಟ್ ಕೊಡೋ ಪದ್ಧತಿ ಬಂತು. ಆಗ ಶರ್ಟು ಎಲ್ಲರಿಗೂ ಸಾಲಲಿಲ್ಲವಂತೆ. ಈಗ ಸುಮಾರು 60,000 ಜನಕ್ಕೆ ಜಾಗವಿರುವ ಓಟ. ದೂರ ಹತ್ತು ಕಿಲೋಮೀಟರ್, ಅವರ ಲೆಕ್ಕದಲ್ಲಿ 6.2 ಮೈಲಿ. ಬಕ್‌ಹೆಡ್ ಅನ್ನೋ ಬಡಾವಣೆಯ ಲೆನಾಕ್ಸ್ ಮಾಲ್ ಹತ್ತಿರ ಶುರುವಾಗಿ ಪೀಡ್‌ಮಾಂಟ್ ಪಾರ್ಕ್ ಪಕ್ಕದಲ್ಲಿ ಮುಗಿಯುತ್ತದೆ. ಆ ಶರ್ಟು ಅಂಗಡಿಯಲ್ಲಿ ಸಿಗಲ್ಲ, ಗೆರೆ ದಾಟಿದವರಿಗೇ. ಹಳೇ ಶರ್ಟುಗಳನ್ನ ಜೋಪಾನವಾಗಿ ಇಟ್ಟುಕೊಂಡವರು ಆ ಊರಲ್ಲಿ ಬೇಕಾದಷ್ಟು ಜನ.

ಅಷ್ಟು ಜನ ಒಟ್ಟಿಗೇ ಹೊರಟರೆ ಕಾಲ್ತುಳಿತ ಆಗುತ್ತೆ, ಅಲ್ವಾ? ಅದಕ್ಕೇ ಗುಂಪು ಗುಂಪಾಗಿ ಬಿಡುತ್ತಾರೆ. ವೇಗದವರು ಮುಂದಿನ ಗುಂಪು, ನಡೆಯುವವರು ಹಿಂದಿನ ಗುಂಪು. ಹಳೇ ಓಟದ ಸಮಯ ತೋರಿಸಿದರೆ ಮುಂದಿನ ಗುಂಪು ಸಿಗುತ್ತದೆ. ಮುಂದಿನವರು ಹಿಂದಕ್ಕೆ ಹೋಗಿ ಸೇರಿಕೊಳ್ಳಬಹುದು, ಹಿಂದಿನವರು ಮುಂದಕ್ಕೆ ಬರೋ ಹಾಗಿಲ್ಲ. ಅಂದ್ರೆ ಮನೆಮಂದಿ ಎಲ್ಲಾ ಒಟ್ಟಿಗೇ ಓಡಬೇಕು ಅಂದರೆ ಎಲ್ಲರಿಗಿಂತ ನಿಧಾನ ಇರೋನ ಗುಂಪಿಗೆ ಎಲ್ಲರೂ ಇಳಿಯಬೇಕು. ನಮ್ಮ ಮನೆಯಲ್ಲಿ ಆ ನಿಧಾನದೋನು ಯಾರು ಅಂತ ಹೇಳಬೇಕಾಗಿಲ್ಲ.

ಪಂಚಾಯ್ತಿ ಮಾಡಿದ್ದು ಸೊಸೆ. ಅವಳು ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಓಡುತ್ತಾಳೆ. "ಅತ್ತೆ, ನೀವು ನಿಮ್ಮ ಸಮಯಕ್ಕೆ ತಕ್ಕ ಗುಂಪಲ್ಲಿ ಹೋಗಿ. ನಾನು ನನ್ನದರಲ್ಲಿ ಹೋಗ್ತೀನಿ. ಪಾರ್ಕಲ್ಲಿ ಸಿಗೋಣ" ಅಂದಳು. ಹದಿಮೂರರ ಮೊಮ್ಮಗ, "ನಾನು ಅಜ್ಜಿ ಜೊತೆ" ಅಂದ. ಅವನು ನನ್ನನ್ನ ನೋಡಿಕೊಳ್ಳಲಿ ಅಂತ ಅವನಪ್ಪನ ಯೋಚನೆ, ನಾನು ಅವನನ್ನ ನೋಡಿಕೊಳ್ಳಲಿ ಅಂತ ಅವನಮ್ಮನ ಯೋಚನೆ. ಮಗ ಒಬ್ಬನೇ ಕೊನೇ ಗುಂಪಿಗೆ.

ನನ್ನ ವಯಸ್ಸಿನವರು ಮಕ್ಕಳ ಮನೆಗೆ ಹೋದಾಗ ಹೀಗೆ ಓಡಬೇಕು ಅಂತಿದ್ದರೆ ಒಂದು ಮಾತು. ದೂರ ಅಷ್ಟು ಕಷ್ಟ ಕೊಡಲ್ಲ, ಸೆಕೆ ಕೊಡುತ್ತೆ. ಜುಲೈನಲ್ಲಿ ಮೈಸೂರು ತಂಪಾಗಿರುತ್ತೆ. ಅಟ್ಲಾಂಟಾದಲ್ಲಿ ಬೆಳಗಿನ ಆರೂವರೆಗೇ ಮೈ ಅಂಟಂಟು. ಗಾಳಿಯಲ್ಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣ್ಣಗಾಗುವುದಿಲ್ಲ. ಇದು ನಾನು ಒಂಬತ್ತನೇ ಕ್ಲಾಸಿಗೆ ಮಾಡುತ್ತಿದ್ದ ಪಾಠ. ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದೂ ಕಮ್ಮಿ, ಬೆವರುವುದೂ ಕಮ್ಮಿ. ಆದರೆ ಮೈ ಒಗ್ಗಿಕೊಳ್ಳುತ್ತೆ. ಎರಡು ವಾರ ದಿನಾ ಸ್ವಲ್ಪ ಸ್ವಲ್ಪ ಸೆಕೆಯಲ್ಲಿ ಓಡಿದರೆ ಬೆವರು ಬೇಗ ಶುರುವಾಗುತ್ತೆ, ರಕ್ತದಲ್ಲಿ ನೀರಿನಂಶ ಹೆಚ್ಚುತ್ತೆ, ಎದೆಬಡಿತ ಮೊದಲಿನಷ್ಟು ಏರುವುದಿಲ್ಲ. ನಾನು ಮೇ ಕೊನೆಗೇ ಹೋಗಿದ್ದರಿಂದ ಸಾಕಷ್ಟು ಸಮಯ ಸಿಕ್ಕಿತು. ಜೂನ್ ಕೊನೇ ವಾರ ವಿಮಾನ ಇಳಿದು, ನಿದ್ದೆಗೆಟ್ಟ ಮೈಯಲ್ಲಿ ಓಡ್ತೀನಿ ಅನ್ನುವವರಿಗೆ ನನ್ನ ಸಲಹೆ: ನಡೆಯಿರಿ, ಶರ್ಟು ಹೇಗೂ ಸಿಗುತ್ತೆ.

ನನ್ನ ಬಿ.ಪಿ. ಮಾತ್ರೆ ಮೂತ್ರ ಜಾಸ್ತಿ ಮಾಡುವ ಜಾತಿಯದ್ದು. ಅಂಥದ್ದು ತಗೊಳ್ಳೋರು ಡಾಕ್ಟರನ್ನ ಕೇಳದೆ ಸೆಕೆಯಲ್ಲಿ ಓಡಲೇಬಾರದು. ನಾನು ಊರು ಬಿಡುವ ಮೊದಲೇ ಕೇಳಿ, ಇ.ಸಿ.ಜಿ. ಮಾಡಿಸಿಕೊಂಡು ಹೋದೆ. ಪ್ರವಾಸದ ವಿಮೆ ಮಾಡಿಸುವಾಗ ಓಟದ ಸ್ಪರ್ಧೆಗೂ ಅನ್ವಯ ಆಗುತ್ತಾ ಅಂತ ಕೇಳಿ, ಉತ್ತರವನ್ನ ಬರಹದಲ್ಲಿ ತಗೊಳ್ಳಿ. ಅಲ್ಲಿನ ಆಸ್ಪತ್ರೆ ಬಿಲ್ಲು ನೋಡಿದರೆ ಬಿ.ಪಿ. ಇಲ್ಲದವರಿಗೂ ಬರುತ್ತೆ.

ಇನ್ನೊಂದು ಕಷ್ಟ ಕಾರ್ಡಿಯಾಕ್ ಹಿಲ್, ಅಂದ್ರೆ ಹೃದಯದ ದಿಬ್ಬ. ಮೊದಲ ಮೂರು ಮೈಲಿ ರಸ್ತೆ ಸಣ್ಣ ಏರಿಳಿತದಲ್ಲಿ ಒಟ್ಟಾರೆ ಇಳಿಯುತ್ತಾ ಪೀಚ್‌ಟ್ರೀ ಕ್ರೀಕ್ ಅನ್ನುವ ತೊರೆ ಹತ್ತಿರ ಬರುತ್ತೆ. ಆಮೇಲೆ ಶುರು ಏರು, ಮುಕ್ಕಾಲು ಮೈಲಿಯಷ್ಟು. ಪಕ್ಕದಲ್ಲೇ ಪೀಡ್‌ಮಾಂಟ್ ಆಸ್ಪತ್ರೆ ಇದೆ, ಹೆಸರಿಗೆ ತಕ್ಕ ಜಾಗ. ಚಾಮುಂಡಿ ಬೆಟ್ಟದ ಮುಂದೆ ಅದೇನೂ ಅಲ್ಲ, ನಿಜ. ಆದರೆ ಬೆಟ್ಟಕ್ಕೆ ಹೋಗುವಾಗ ಹತ್ತೋದು ಇದೆ ಅಂತ ಗೊತ್ತಿದ್ದು ಮೊದಲಿಂದಲೇ ನಿಧಾನ ಹೋಗುತ್ತೇವೆ. ಇಲ್ಲಿ ಮೂರು ಮೈಲಿ ಇಳಿಜಾರು, ಬ್ಯಾಂಡು, ಚಪ್ಪಾಳೆ. ಕಾಲು ತಾನಾಗೇ ಓಡುತ್ತೆ. ಆಮೇಲೆ ಏರು ಬರುವ ಹೊತ್ತಿಗೆ ತೊಡೆಯಲ್ಲಿ ಏನೂ ಉಳಿದಿರುವುದಿಲ್ಲ.

ಇದಕ್ಕೆ ನಾನು ಮಾಡಿದ ತಯಾರಿ ದೊಡ್ಡದೇನಲ್ಲ. ಮೈಸೂರಲ್ಲಿದ್ದಾಗ ವಾರಕ್ಕೊಂದು ದಿನ ಬೆಟ್ಟದ ಡಾಂಬರು ರಸ್ತೆಯಲ್ಲಿ ಹತ್ತುತ್ತಿದ್ದೆ. ಮೆಟ್ಟಿಲು ಬೇಡ, ಇಳಿಯುವಾಗ ಮಂಡಿಗೆ ಪೆಟ್ಟು. ಅಟ್ಲಾಂಟಾ ಪಕ್ಕದ ಆಲ್ಫರೆಟ್ಟಾಗೆ, ಮಗನ ಮನೆಗೆ ಬಂದ ಮೇಲೆ ಬಿಗ್ ಕ್ರೀಕ್ ಗ್ರೀನ್‌ವೇ ಅನ್ನೋ ನೆರಳಿನ ಹಾದಿಯಲ್ಲಿ ಉದ್ದದ ಓಟ, ಮನೆ ಮುಂದಿನ ಏರು ರಸ್ತೆಯಲ್ಲಿ ಸಣ್ಣ ಸಣ್ಣ ಓಟ. ಒಂದು ದಿನ ಓಡಿದರೆ ಮಾರನೇ ದಿನ ಓಟ ಇಲ್ಲ. ಮೂವತ್ತರಲ್ಲಿ ಒಂದು ರಾತ್ರಿ ನಿದ್ದೆಗೆ ಸರಿಹೋಗುವ ನೋವು ಅರವತ್ತರಲ್ಲಿ ಎರಡು ದಿನ ಕೇಳುತ್ತೆ. ಮೀನಖಂಡಕ್ಕೆ ವ್ಯಾಯಾಮ ಒಲೆ ಮುಂದೇನೇ. ಹಾಲು ಕಾಯೋ ತನಕ ಕಟ್ಟೆ ಹಿಡ್ಕೊಂಡು ಹಿಮ್ಮಡಿ ಎತ್ತೋದು, ಇಳಿಸೋದು. ಕಟ್ಟೆ ಬಿಟ್ಟು ಒಂದೇ ಕಾಲಲ್ಲಿ ಮಾಡಲು ಬಂದಾಗ ಸೊಸೆಯನ್ನ ಕರೆದು ತೋರಿಸಿದೆ. ಹಾಲು ಉಕ್ಕಿತು.

ಓಡುವ ಕ್ರಮ ಮಾತ್ರ ನಾನು ಯಾರ ಮಾತಿಗೂ ಬದಲಿಸಲಿಲ್ಲ. ಎರಡು ನಿಮಿಷ ಓಟ, ಅರ್ಧ ನಿಮಿಷ ನಡಿಗೆ, ಮೊದಲ ನಿಮಿಷದಿಂದ ಕೊನೇ ತನಕ. ಸುಸ್ತಾದ ಮೇಲೆ ನಡೆದರೆ ಅದು ಸೋಲು, ಸುಸ್ತಾಗೋ ಮುಂಚೆ ನಡೆದರೆ ಉಳಿತಾಯ. ಈ ಕ್ರಮವನ್ನ ಎಲ್ಲೆಡೆ ಹರಡಿದ್ದು ಜೆಫ್ ಗ್ಯಾಲೊವೇ ಅನ್ನುವ ಅಟ್ಲಾಂಟಾದವರೇ. 1970ರ ಮೊದಲ ಪೀಚ್‌ಟ್ರೀ ಗೆದ್ದವರೂ ಅವರೇ, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಹತ್ತು ಸಾವಿರ ಮೀಟರ್ ಓಡಿದವರು. ಅಂಥವರೇ ನಡೆಯಿರಿ ಅಂದ ಮೇಲೆ ನಾವು ಯಾಕೆ ನಾಚಿಕೆ ಪಡಬೇಕು? ನಡೆಯುವಾಗ ಮಾತ್ರ ರಸ್ತೆಯ ಬಲಕ್ಕೆ ಸರಿದು, ಕೈ ಎತ್ತಿ ತೋರಿಸಿ ನಡೆಯಬೇಕು. ಇಲ್ಲದಿದ್ದರೆ ಹಿಂದಿನವರು ಬಂದು ಗುದ್ದುತ್ತಾರೆ.

ಹಿಂದಿನ ರಾತ್ರಿ ಮೊಸರನ್ನ. ಬೆಳಗ್ಗೆ ನಾಲ್ಕಕ್ಕೆ ಎದ್ದು ಒಂದು ಬಾಳೆಹಣ್ಣು, ಒಂದು ಹಿಡಿ ಅವಲಕ್ಕಿ, ಅರ್ಧ ಲೋಟ ಕಾಫಿ. ಬಾಟಲಿಯಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆಹಣ್ಣಿನ ಪಾನಕ. ಬರೀ ನೀರನ್ನ ಸುಮ್ನೆ ಕುಡೀತಾ ಹೋಗಬೇಡಿ. ನಿಧಾನ ಓಡುವವರು ದಾರಿಯಲ್ಲಿ ನೀರಿಟ್ಟಿರೋ ಪ್ರತಿ ಟೇಬಲ್ ಹತ್ತಿರ ಎರಡೆರಡು ಲೋಟ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆ ಸುತ್ತುತ್ತೆ, ಜೀವಕ್ಕೇ ಅಪಾಯ ಆಗಬಹುದು.

ನಾರ್ತ್ ಸ್ಪ್ರಿಂಗ್ಸ್ ನಿಲ್ದಾಣದಲ್ಲಿ ಕಾರು ಬಿಟ್ಟು ಮಾರ್ಟಾ ರೈಲು ಹತ್ತಿದೆವು. ನಮ್ಮನೆಯವರು ಓಡುವವರಲ್ಲ. ಎಲ್ಲರ ಚೀಲ, ಛತ್ರಿ, ಒಂದು ಡಬ್ಬಿ ಪುಳಿಯೋಗರೆ ಹಿಡ್ಕೊಂಡು ಮಿಡ್‌ಟೌನ್‌ನಲ್ಲಿ ಇಳಿದು ಪಾರ್ಕಲ್ಲಿ ಕೂತರು. ನಾವು ಬಕ್‌ಹೆಡ್‌ನಲ್ಲೇ ಇಳಿದಿದ್ದೆವು. ಸೆಕೆ ಎಷ್ಟು ಅಪಾಯ ಅಂತ ಹೇಳಲು ಬಣ್ಣದ ಬಾವುಟ ಇರುತ್ತೆ. ಹಳದಿ ನೋಡಿ, ಇಳಿಜಾರಲ್ಲಿ ಅಂದುಕೊಂಡದ್ದಕ್ಕಿಂತ ನಿಧಾನ ಹೋಗೋದು ಅಂತ ಮೊಮ್ಮಗನಿಗೆ ಹೇಳಿದೆ. "ಓಕೆ ಅಜ್ಜಿ" ಅಂದ. ಮೊದಲ ಮೈಲಿ ಆಗುವಷ್ಟರಲ್ಲಿ ಕಣ್ಣಿಗೇ ಕಾಣಲಿಲ್ಲ.

ಸೇಂಟ್ ಫಿಲಿಪ್ ಕೆಥೆಡ್ರಲ್ ಮುಂದೆ ಪಾದ್ರಿಗಳು ನಿಂತು ಓಡುವವರ ಮೇಲೆ ತೀರ್ಥ ಚಿಮುಕಿಸುತ್ತಾರೆ. ಪ್ರತಿ ವರ್ಷವೂ ಹಾಗೇ ಅಂತೆ. ನಾನು ಬೇಕೆಂದೇ ಆ ಕಡೆ ಸರಿದು ತಲೆ ಬಗ್ಗಿಸಿದೆ. ಆ ಸೆಕೆಯಲ್ಲಿ ಯಾವ ದೇವರ ನೀರಾದರೂ ಸರಿ. ಮುಂದೆ ಮನೆಯವರು ಪೈಪಲ್ಲಿ ನೀರು ಹಾರಿಸುತ್ತಿದ್ದರು. ಯಾರೋ ಒಬ್ಬ ಬಿಯರ್ ಲೋಟ ಚಾಚಿದ.

ಏರು ಶುರುವಾಗಿ ಸ್ವಲ್ಪ ದೂರದಲ್ಲೇ ಮೊಮ್ಮಗ ಸಿಕ್ಕ. ಪುಟ್‌ಪಾತ್ ಹತ್ತಿರ ಬಗ್ಗಿ ನಿಂತಿದ್ದ. "ಅಜ್ಜಿ, ಪಕ್ಕೆ ಹಿಡ್ಕೊಂಡಿದೆ." ಉಸಿರು ಪೂರ್ತಿ ಹೊರಗೆ ಬಿಡು, ನಿಧಾನ ತಗೋ ಅಂದೆ. ಏರಿನಲ್ಲಿ ನನ್ನ ಲೆಕ್ಕವೇ ಬೇರೆ. ಒಂದು ನಿಮಿಷ ಓಟ, ಅರ್ಧ ನಿಮಿಷ ನಡಿಗೆ, ಸಣ್ಣ ಹೆಜ್ಜೆ, ಕಣ್ಣು ಹತ್ತು ಅಡಿ ಮುಂದೆ. ತುದಿ ನೋಡಲೇಬಾರದು. ಅವನೂ ನನ್ನ ಕೈಗಡಿಯಾರದ ಬೀಪ್ ಸದ್ದಿಗೆ ತಕ್ಕಂತೆ ಬಂದ.

ಆ ಏರಿನಲ್ಲೇ ಶೆಪರ್ಡ್ ಸೆಂಟರ್ ಇದೆ. ಬೆನ್ನುಹುರಿಗೆ, ಮಿದುಳಿಗೆ ಪೆಟ್ಟಾದವರ ಆಸ್ಪತ್ರೆ. ಅಲ್ಲಿರುವವರು ಗಾಲಿಕುರ್ಚಿಯಲ್ಲಿ ಹೊರಗೆ ಬಂದು ಸಾಲಾಗಿ ಕೂತು ಓಡುವವರನ್ನ ಹುರಿದುಂಬಿಸುತ್ತಾರೆ. ಒಬ್ಬ ಹುಡುಗ, ಇಪ್ಪತ್ತೆರಡು ಇಪ್ಪತ್ಮೂರು ಇರಬಹುದು, ಮಣಿಕಟ್ಟಿಗೆ ಕಟ್ಟಿದ್ದ ಗಂಟೆ ಆಡಿಸುತ್ತಿದ್ದ. ನಾನು ನಡೆಯುತ್ತಿದ್ದೆ. ನನ್ನನ್ನೇ ನೋಡಿ, ಓಡು ಅನ್ನೋ ಹಾಗೆ ಗದ್ದ ಮುಂದಕ್ಕೆ ಮಾಡಿದ. ನಾನು ಗಡಿಯಾರ ತೋರಿಸಿ, ತಡಿ ಅಂತ ಕೈ ಮಾಡಿದೆ. ಬೀಪ್ ಅಂತು, ಓಡಿದೆ. ಅವನು ಜೋರಾಗಿ ನಕ್ಕ. ಮೊಮ್ಮಗ ಅಲ್ಲಿಂದ ಮುಂದೆ ಪಕ್ಕೆ ನೋವಿನ ಮಾತೇ ಎತ್ತಲಿಲ್ಲ.

ಮಿಡ್‌ಟೌನ್ ಬಂದ ಮೇಲೂ ಸಣ್ಣ ಏರುಗಳಿವೆ, ಅವನ್ನ ಯಾರೂ ಹೇಳುವುದಿಲ್ಲ. ಟೆನ್ತ್ ಸ್ಟ್ರೀಟಿಗೆ ಎಡಕ್ಕೆ ತಿರುಗಿದರೆ ಇಳಿಜಾರು. ಅಲ್ಲಿ ನಡಿಗೆ ಬಿಟ್ಟು ಓಡಿದೆ. ಅಷ್ಟು ಹೊತ್ತು ನನ್ನ ಪಕ್ಕದಲ್ಲೇ ಇದ್ದ ಮೊಮ್ಮಗ, ಗೆರೆ ಕಂಡಿದ್ದೇ ತಡ, "ಸಾರಿ ಅಜ್ಜಿ!" ಅಂತ ಹಾರಿಹೋದ. ನನಗೆ ಎಪ್ಪತ್ತು ನಿಮಿಷದ ಆಸುಪಾಸು. ಸೊಸೆ ಒಂದು ಗಂಟೆ ಒಳಗೇ ಮುಗಿಸಿ ಪುಳಿಯೋಗರೆ ಡಬ್ಬಿ ತೆಗೆದಿದ್ದಳು. ಮಗ ಬರುವಷ್ಟರಲ್ಲಿ ಡಬ್ಬಿ ಖಾಲಿ. ಅವನ ಗುಂಪು ಹೊರಟಿದ್ದೇ ತಡವಾಗಿ, ಪಾಪ. ಅವನ ಸಮಯ ಒಂದೂವರೆ ಗಂಟೆ.

"ನಾನು ನಡೆದಿದ್ದು, ಓಡಿದ್ದಲ್ಲ. ಹೋಲಿಸೋ ಹಾಗಿಲ್ಲ" ಅಂದ. ಸಂಜೆ ಪಟಾಕಿ ನೋಡಲು ಹೋಗುವ ಮುಂಚೆ ಮೊಮ್ಮಗ ಲ್ಯಾಪ್‌ಟಾಪ್ ಮುಂದೆ ಕೂತು ವಯಸ್ಸಿನ ಲೆಕ್ಕ ಹಾಕಿದ. ಓಟದವರಲ್ಲಿ ಇದೊಂದು ಒಳ್ಳೇ ಪದ್ಧತಿ. ಆ ವಯಸ್ಸಿನ ಹೆಂಗಸಿಗೆ ಅಥವಾ ಗಂಡಸಿಗೆ ಜಗತ್ತಿನಲ್ಲೇ ಅತ್ಯುತ್ತಮ ಅನ್ನುವ ಸಮಯ ಒಂದಿರುತ್ತೆ. ಅದನ್ನ ನಮ್ಮ ಸಮಯದಿಂದ ಭಾಗಿಸಿ, ಶೇಕಡಾವಾರು ತೆಗೆಯುವುದು. ಅಜ್ಜಿಯನ್ನೂ ಸೊಸೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದು. ನನಗೂ ಸೊಸೆಗೂ ಹೆಚ್ಚು ಕಡಿಮೆ ಒಂದೇ ಬಂತು, 50ರ ಮೇಲೆ ಮೂರೋ ನಾಲ್ಕೋ. ಮಗನದ್ದು 30ರ ಹತ್ತಿರ. "ಅಪ್ಪ, ನೀನು ಫೇಲ್" ಅಂದ ಮೊಮ್ಮಗ. ಮೂವತ್ತೈದಕ್ಕೆ ಪಾಸು ಅನ್ನೋದನ್ನ ಆ ಅಮೆರಿಕದ ಹುಡುಗನಿಗೆ ಹೇಳಿಕೊಟ್ಟವರು ನಮ್ಮನೆಯವರೇ ಇರಬೇಕು.

ಎರಡು ದಿನ ಮೆಟ್ಟಿಲು ಇಳಿಯುವಾಗ ತೊಡೆ ಹಿಡಿಯಿತು, ಇಳಿಜಾರಿನ ಬೆಲೆ ಅದು. ಮೂರನೇ ದಿನ ಬರೀ ನಡಿಗೆ, ವಾರ ಕಳೆದ ಮೇಲೆ ಓಟ. ಮುಂದಿನ ವರ್ಷಕ್ಕೆ ಮಗ ಈಗಿನಿಂದಲೇ ತಯಾರಿಯಂತೆ. ಮೊನ್ನೆ ಫೋನಲ್ಲಿ, ವಾರಕ್ಕೆ ಮೂರು ದಿನ ಓಡ್ತಿದೀನಿ ಅಂದ. ಹಿಂದಿನಿಂದ ಸೊಸೆ ಕೂಗಿದಳು, "ಅತ್ತೆ, ಒಂದೇ ದಿನ!"