ಕೆತ್ತಿದ್ದು ಬಿಳಿ, ಉಳಿದದ್ದು ಬಣ್ಣ: ಮನೆಯಲ್ಲೇ ಹಬ್ಬದ ಕಾರ್ಡು ಮಾಡೋಣ

ಡಿಸೆಂಬರ್ ಬಂತು ಅಂದರೆ ನಮ್ಮ ಶಿರಸಿ ಕಡೆ ಅಡಿಕೆ ಬೇಯುವ ವಾಸನೆ. ಅದೇ ಹೊತ್ತಿಗೆ ನನ್ನ ಅಡುಗೆಮನೆ ಮೇಜಿನ ಮೇಲೆ ರಬ್ಬರು, ಬ್ಲೇಡು, ಸ್ಟಾಂಪ್ ಪ್ಯಾಡು ಹರಡಿಕೊಳ್ಳುತ್ತವೆ. ಕಾರವಾರದಲ್ಲಿರುವ ಗೆಳತಿಗೆ ಕ್ರಿಸ್‌ಮಸ್ ಕಾರ್ಡು ಹೋಗಬೇಕು. ಅವಳ ಮನೆಯಿಂದ ಕರ್ಜಿಕಾಯಿಯಂಥ ನೆವ್ರಿ ಬರುತ್ತದೆ, ಇಲ್ಲಿಂದ ಕಾಗದದಷ್ಟು ತೆಳ್ಳನೆಯ ಸಿಹಿ ತೊಡದೇವು ಹೋಗುತ್ತದೆ. ಆ ಡಬ್ಬಿಗೆ ಕಟ್ಟಲು ಹೆಸರಿನ ಚೀಟಿ ಬೇಕು. ಜನವರಿಯಲ್ಲಿ ಸಂಕ್ರಾಂತಿ ಕಾಳಿನ (ಸಕ್ಕರೆ ಪಾಕ ಹತ್ತಿಸಿದ ಬಣ್ಣಬಣ್ಣದ ಕಾಳು) ಜೊತೆ ಇಡಲು ಮತ್ತೊಂದಿಷ್ಟು ಕಾರ್ಡು. ಪ್ರತಿ ಕಾರ್ಡಿಗೂ ಕೈಯಲ್ಲೇ ಚಿತ್ರ ಬರೆಯುತ್ತ ಕೂತರೆ ಐದನೆಯದಕ್ಕೆ ಬೇಜಾರು ಬಂದುಬಿಡುತ್ತದೆ. ರಬ್ಬರಿನಲ್ಲಿ ಒಂದು ಅಚ್ಚು ಕೆತ್ತಿಕೊಂಡರೆ ಐವತ್ತಾದರೂ ಸರಿ.

ಬ್ಲೇಡು ಹಿಡಿಯುವ ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಅಚ್ಚಿನಲ್ಲಿ ನೀವು ಕೆತ್ತಿ ತೆಗೆದ ಜಾಗ ಬಿಳಿ, ಉಳಿಸಿದ ಜಾಗಕ್ಕೆ ಬಣ್ಣ. ನಾನು ಮೊದಲ ಸಲ ನಕ್ಷತ್ರ ಮಾಡಿದಾಗ ಪೆನ್ಸಿಲ್ ಗೆರೆಯ ಮೇಲೇ ಬ್ಲೇಡು ಎಳೆದಿದ್ದೆ. ಒತ್ತಿ ನೋಡಿದರೆ ಒಂದು ನೀಲಿ ಚೌಕ, ಅದರಲ್ಲಿ ಎಲ್ಲೋ ಒಂದು ತೆಳ್ಳನೆ ಗೀರು. ನಕ್ಷತ್ರವೇ ಇಲ್ಲ!

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ಶಿರಸಿಯ ಮಾರಿಕಾಂಬಾ ಗುಡಿಯ ಗೋಡೆ ನೋಡುತ್ತ ನಿಂತಾಗ. ಅಲ್ಲಿರುವ ಕಾವಿ ಕಲೆ ನೋಡಿರುತ್ತೀರಿ. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿಯುತ್ತಾರೆ. ಹಸಿ ಇರುವಾಗಲೇ ಬೇಡವಾದಷ್ಟನ್ನು ಕೆರೆದು ತೆಗೆಯುತ್ತಾರೆ. ಕೆರೆದಲ್ಲಿ ಕೆಳಗಿನ ಬಿಳಿ ಕಾಣುತ್ತದೆ. ಕೆಂಪು, ಬಿಳಿ, ಎರಡೇ ಬಣ್ಣ. ಆ ಎರಡರಲ್ಲೇ ಬಳ್ಳಿ, ಹೂವು, ದೇವರು ಎಲ್ಲ ಬಂದಿದ್ದಾರೆ. ರಬ್ಬರ್ ಅಚ್ಚಿನ ಲೆಕ್ಕವೂ ಅಷ್ಟೇ. ಅಂದಿನಿಂದ ಕೆತ್ತುವ ಮೊದಲು ನಾನು ರಬ್ಬರಿನ ಮೇಲೆ ಚಿತ್ರದ ಬಣ್ಣ ಬರುವ ಭಾಗವನ್ನೆಲ್ಲ ಪೆನ್ಸಿಲ್‌ನಲ್ಲಿ ಕಪ್ಪಾಗಿ ತುಂಬಿಕೊಳ್ಳುತ್ತೇನೆ. ಕಪ್ಪನ್ನು ಮುಟ್ಟಬಾರದು, ಉಳಿದದ್ದನ್ನು ತೆಗೆಯಬೇಕು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಸ್ಟೇಷನರಿ ಅಂಗಡಿಯ ದೊಡ್ಡ ಬಿಳಿ ರಬ್ಬರು, ಪೇಪರ್ ಕಟರ್, ಬಟರ್ ಪೇಪರ್, ಮೆತ್ತನೆ ಪೆನ್ಸಿಲ್, ಸ್ಟಾಂಪ್ ಪ್ಯಾಡು, ದಪ್ಪ ಕಾಗದ. ಲಿನೋ (ಅಚ್ಚು ಮಾಡುವ ಮೆತ್ತನೆ ಹಾಳೆ) ಕೆತ್ತುವ ಉಳಿ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ನಡೆಯುತ್ತದೆ.

ಚಿತ್ರವನ್ನು ನೇರ ರಬ್ಬರಿನ ಮೇಲೆ ಬರೆಯಬೇಡಿ. ಬಟರ್ ಪೇಪರ್ ಮೇಲೆ ಬರೆದು, ಅದನ್ನು ಮಗುಚಿ ರಬ್ಬರಿನ ಮೇಲಿಟ್ಟು, ಹಿಂದಿನಿಂದ ಉಗುರಿನಲ್ಲಿ ತಿಕ್ಕಿ. ಪೆನ್ಸಿಲ್ ಗೆರೆ ಉಲ್ಟಾ ಆಗಿ ಇಳಿಯುತ್ತದೆ. ಅಚ್ಚು ಒತ್ತಿದಾಗ ಅದು ಮತ್ತೆ ನೆಟ್ಟಗಾಗುತ್ತದೆ. ನಕ್ಷತ್ರಕ್ಕೆ ಇದರಿಂದ ವ್ಯತ್ಯಾಸವಿಲ್ಲ, ಅಕ್ಷರಕ್ಕೆ ಇದೆ. ಒಂದು ವರ್ಷ ಗಡಿಬಿಡಿಯಲ್ಲಿ ‘ಶುಭಾಶಯ’ ಅಂತ ನೇರವಾಗಿ ಕೆತ್ತಿಬಿಟ್ಟೆ. ಮನೆಯವರು ಕಾರ್ಡನ್ನು ಕನ್ನಡಿ ಎದುರು ಹಿಡಿದು ಓದಿದರು. ಕನ್ನಡ ಓದಲು ಕನ್ನಡಿ ಬೇಕಾಯಿತು! ಹಾಗೆ ನೋಡಿದರೆ ನಮ್ಮ ಅಕ್ಷರ ಕೆತ್ತುವುದೇ ಕಷ್ಟ. ಎಲ್ಲ ದುಂಡು, ಮೇಲೆ ತಲೆಕಟ್ಟು, ಕೆಳಗೆ ಒತ್ತು. ಸಣ್ಣ ಒತ್ತಕ್ಷರ ರಬ್ಬರಿನಲ್ಲಿ ಮುರಿದೇ ಹೋಗುತ್ತದೆ. ಈಗ ನಾನು ಚಿತ್ರ ಮಾತ್ರ ಅಚ್ಚಿನಲ್ಲಿ ಒತ್ತುತ್ತೇನೆ, ಮಾತು ಪೆನ್ನಿನಲ್ಲಿ ಬರೆಯುತ್ತೇನೆ.

ಕೆತ್ತುವಾಗ ಬ್ಲೇಡನ್ನು ನೆಟ್ಟಗೆ ಇಳಿಸಬೇಡಿ. ಚಿತ್ರದ ಅಂಚಿನಿಂದ ಹೊರಗಡೆಗೆ ಓರೆಯಾಗಿ ಇಳಿಯಲಿ. ಗೆರೆಯ ಬುಡ ಅಗಲ, ತಲೆ ಕಿರಿದು, ಗದ್ದೆಯ ಹಾಳಿಯ (ಬದುವಿನ) ಹಾಗೆ. ಒಳಗಡೆಗೆ ಓರೆಯಾದರೆ ಬುಡ ಸಪೂರವಾಗಿ, ನಾಲ್ಕು ಸಲ ಒತ್ತುವಷ್ಟರಲ್ಲಿ ಗೆರೆ ಕಿತ್ತು ಬರುತ್ತದೆ. ಎರಡು ಮೂರು ಮಿಲಿಮೀಟರ್ ಆಳ ಸಾಕು. ತಿರುವು ಬಂದಲ್ಲಿ ಬ್ಲೇಡು ಅಲ್ಲೇ ಇರಲಿ, ಎಡಗೈಯಲ್ಲಿ ರಬ್ಬರನ್ನು ತಿರುಗಿಸಿ. ಬ್ಲೇಡಿನ ದಾರಿಯಲ್ಲಿ ಬೆರಳು ಇಡಬೇಡಿ. ನನ್ನ ಹೆಬ್ಬೆರಳಿನ ಗುರುತು ಇನ್ನೂ ಇದೆ.

ಮೊದಲ ಅಚ್ಚಿಗೆ ಸುಲಭದ ಚಿತ್ರ ಆರಿಸಿ. ಗೆಳತಿಗಾಗಿ ನಾನು ಮಾಡಿದ್ದು ಕಾರವಾರದ ಎದುರು ಸಮುದ್ರದಲ್ಲಿ ಕಾಣುವ ದೇವಗಡ ದ್ವೀಪದ ದೀಪಸ್ತಂಭ. ಒಂದು ಕಂಬ, ಕೆಳಗೆ ಗುಡ್ಡೆ, ಮೇಲಿಂದ ಮೂರು ಬೆಳಕಿನ ಗೆರೆ. ಕ್ರಿಸ್‌ಮಸ್ ನಕ್ಷತ್ರಕ್ಕಿಂತ ಅವಳಿಗೆ ಅದೇ ಇಷ್ಟವಾಯಿತು. ಯಕ್ಷಗಾನದ ಕಿರೀಟಕ್ಕೆ ಮಾತ್ರ ಈಗಲೇ ಕೈ ಹಾಕಬೇಡಿ. ನಾನು ಎರಡು ರಬ್ಬರು ಹಾಳು ಮಾಡಿ ಬಿಟ್ಟಿದ್ದೇನೆ.

ಕೆತ್ತುವುದೇ ಬೇಡ ಅನ್ನುವವರಿಗೆ ತರಕಾರಿ ಬುಟ್ಟಿ ಇದೆ. ಬೆಂಡೆಕಾಯಿ ಅಡ್ಡ ಕತ್ತರಿಸಿದರೆ ಐದು ಏಣಿನ ಹೂವು ಸಿದ್ಧ. ಬಲಿತದ್ದು ಒಳ್ಳೆಯದು, ಎಳೆಯದು ಮೆತ್ತಗಾಗುತ್ತದೆ. ಹಾಗಲಕಾಯಿ ಅಡ್ಡ ಕತ್ತರಿಸಿ ಬೀಜ, ತಿರುಳು ತೆಗೆದರೆ ಸೊಟ್ಟ ಅಂಚಿನ ಒಂದು ಉಂಗುರ. ಹಸಿರು ಬಣ್ಣದಲ್ಲಿ ಒತ್ತಿ, ಕೆಳಗೆ ಕೆಂಪು ಗಂಟು ಬರೆದರೆ ಕ್ರಿಸ್‌ಮಸ್‌ಗೆ ಬಾಗಿಲಿಗೆ ತೂಗುಹಾಕುವ ಎಲೆಯ ಬಳೆಯೇ! ಬಟಾಟೆಯನ್ನು ಬೇಕಾದ ಆಕಾರಕ್ಕೆ ಕೆತ್ತಬಹುದು, ಒಂದು ದಿನ ಬಾಳಿಕೆ. ಯಾವುದೇ ಇರಲಿ, ಕತ್ತರಿಸಿದ ಮೇಲೆ ಬಟ್ಟೆಯಲ್ಲಿ ಒತ್ತಿ ಹತ್ತು ನಿಮಿಷ ಆರಲು ಬಿಡಿ. ನೀರಿನಂಶ ಇದ್ದರೆ ಬಣ್ಣ ಹರಡುತ್ತದೆ. ಅತ್ತೆ ಬಂದು ನೋಡಿ, ‘ಎಂತದೇ ಇದು, ಬೆಂಡೆಕಾಯಿ ಪಲ್ಯಕ್ಕೋ ಕಾಗದಕ್ಕೋ?’ ಅಂದರು. ಆಮೇಲೆ ಅವರೇ ಕೂತು ಹನ್ನೆರಡು ಕಾರ್ಡು ಒತ್ತಿದರು.

ಕಾಗದ 250 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಇದ್ದರೆ ಸಾಕು. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಒಂದೊಂದನ್ನೂ ಮಡಚಿದರೆ ಸುಮಾರು 10.5 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದದ ಕಾರ್ಡು. ಮಡಚುವ ಮೊದಲು ಸ್ಕೇಲು ಇಟ್ಟು, ಶಾಯಿ ಮುಗಿದ ಬಾಲ್‌ಪೆನ್ನಿನಲ್ಲಿ ಗೆರೆ ಎಳೆಯಿರಿ. ಮಡಿಕೆ ಒಡೆಯುವುದಿಲ್ಲ.

ಇಲ್ಲೊಂದು ನಮ್ಮ ಕಡೆಯ ಉಪಾಯ. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಒಂದು ಲೋಟ ತೆಗೆದಿಡಿ. ಅಗಲ ಬ್ರಶ್‌ನಲ್ಲಿ ಕಾಗದಕ್ಕೆ ತೆಳ್ಳಗೆ ಬಳಿದು, ಆರಿದ ಮೇಲೆ ದಪ್ಪ ಪುಸ್ತಕದಡಿ ಒಂದು ರಾತ್ರಿ ಇಡಿ. ಹಳೇ ಪತ್ರದ ಹಾಗೆ ಕೆಂಪು ಕಂದು ಬಣ್ಣ. ಎರಡು ಕಬ್ಬಿಣದ ಮೊಳೆ ಹಾಕಿ ಕೆಲವು ದಿನ ಬಿಟ್ಟರೆ ಅದೇ ಚೊಗರು ಕಪ್ಪಾಗುತ್ತದೆ. ಚೊಗರಿನ ಒಗರಿಗೆ ಕಬ್ಬಿಣ ಸೇರಿದರೆ ಹಾಗೇ. ಹಳೇ ಸೀರೆ ಉಟ್ಟು ಕೂರಿ, ಚೊಗರಿನ ಕಲೆ ಹೋಗುವುದಿಲ್ಲ. ಮುರುಗಲು (ಕೋಕಂ) ಸಿಪ್ಪೆಯ ರಸವನ್ನೂ ನೋಡಿದ್ದೇನೆ. ಬಣ್ಣ ಬಹಳ ಚೆಂದ, ಆದರೆ ಬಿಸಿಲು ಬಿದ್ದರೆ ಮಾಸುತ್ತದೆ. ಅರಿಶಿನವೂ ಹಾಗೇ.

ಒತ್ತುವಾಗ ಕಾಗದದ ಕೆಳಗೆ ನಾಲ್ಕು ಪದರ ಪೇಪರ್ ಇರಲಿ. ಗಟ್ಟಿ ಮೇಜಿನ ಮೇಲೆ ಒತ್ತಿದರೆ ನಡುವೆ ಬೋಳು ಬೀಳುತ್ತದೆ. ಅಚ್ಚನ್ನು ಮೇಲ್ಮುಖವಾಗಿ ಹಿಡಿದು ಪ್ಯಾಡಿನಿಂದಲೇ ಅದಕ್ಕೆ ತಟ್ಟಿ, ಎಲ್ಲಿ ಬಣ್ಣ ಹತ್ತಿಲ್ಲ ಅಂತ ಕಾಣುತ್ತದೆ. ನೇರ ಇಟ್ಟು, ಅಂಗೈಯಲ್ಲಿ ಒತ್ತಿ, ನೇರ ಎತ್ತಿ. ಅಲ್ಲಾಡಿಸಿದರೆ ಸುತ್ತಲಿನ ಅಂಚೂ ಮೂಡುತ್ತದೆ. ಮೊದಲ ಎರಡು ಅಚ್ಚು ರದ್ದಿ ಕಾಗದಕ್ಕೆ ಹೋಗಲಿ.

ಎರಡನೇ ಬಣ್ಣಕ್ಕೆ ಎರಡನೇ ಅಚ್ಚು ಮಾಡಲು ಹೋಗಬೇಡಿ, ಸರಿಯಾಗಿ ಕೂರಿಸುವುದು ದೊಡ್ಡ ತಲೆನೋವು. ಒಂದೇ ಬಣ್ಣದಲ್ಲಿ ಒತ್ತಿ, ಬೇಕಾದಲ್ಲಿ ಬ್ರಶ್‌ನಲ್ಲಿ ಬಣ್ಣ ಮುಟ್ಟಿಸಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾರಾಟಕ್ಕೆಂದು ಮಾಡಿಸಿದ ಕ್ರಿಸ್‌ಮಸ್ ಕಾರ್ಡೂ ಹೀಗೇ ಇತ್ತು: ಗೆರೆ ಅಚ್ಚಿನಲ್ಲಿ, ಬಣ್ಣ ಕೈಯಲ್ಲಿ. ಸಂಕ್ರಾಂತಿ ಕಾರ್ಡಿಗೆ ಪೆನ್ಸಿಲ್ ಹಿಂದಿನ ರಬ್ಬರಿನಿಂದ ಬಣ್ಣಬಣ್ಣದ ಚುಕ್ಕಿ ಒತ್ತಿದರೆ ಸಂಕ್ರಾಂತಿ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಮಕ್ಕಳಿಗೆ ಈ ಕೆಲಸ ಬಿಟ್ಟುಕೊಡಿ.

ಡಬ್ಬಿಯ ಚೀಟಿಗೆ ನಾನು ಅಡಿಕೆ ಹಾಳೆಯನ್ನೇ (ಅಡಿಕೆ ಸೋಗೆಯ ಬುಡದ ಅಗಲ ಭಾಗ) ಬಳಸುತ್ತೇನೆ. ತೋಟದಲ್ಲಿ ಬಿದ್ದ ಹಾಳೆಯನ್ನು ರಾತ್ರಿ ನೀರಿನಲ್ಲಿ ನೆನೆಸಿ, ತೊಳೆದು, ಚಪ್ಪಟೆ ಕಲ್ಲು ಹೇರಿ ಒಣಗಿಸಬೇಕು. ಸ್ವಲ್ಪ ಪಸೆ ಇರುವಾಗಲೇ 5 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಉದ್ದಕ್ಕೆ ಕತ್ತರಿಸಿ, ಪೂರ್ತಿ ಒಣಗಿದರೆ ಸೀಳುತ್ತದೆ. ಅಂಚಿನಿಂದ ಒಂದು ಸೆಂಟಿಮೀಟರ್ ಒಳಗೆ ದಬ್ಬಣದಲ್ಲಿ ತೂತು ಮಾಡಿ. ಒಳಮೈ ನುಣುಪು, ಅಲ್ಲೇ ಅಚ್ಚು ಒತ್ತಿ. ಸ್ಟಾಂಪ್ ಪ್ಯಾಡಿನ ಶಾಯಿ ಹಾಳೆಯ ಮೇಲೆ ಬೇಗ ಆರುವುದಿಲ್ಲ, ಕೈಗೆ ಹತ್ತುತ್ತದೆ. ಬಟ್ಟೆಗೆ ಹಚ್ಚುವ ಬಣ್ಣ ಅಥವಾ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಲ್ಲಿ ತೆಳ್ಳಗೆ ತಟ್ಟಿ. ಕಟ್ಟಲು ನೆನೆಸಿದ ಬಾಳೆನಾರು. ಮಳೆಗಾಲದಲ್ಲಿ ಮಾತ್ರ ಈ ಚೀಟಿ ಬೇಡ, ಬೂಸ್ಟು ಹಿಡಿಯುತ್ತದೆ.

ಕೆಲಸ ಮುಗಿದ ಮೇಲೆ ರಬ್ಬರ್ ಅಚ್ಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಡಬ್ಬಿಗೆ ಸುಮ್ನೆ ಹಾಕಬೇಡಿ. ರಬ್ಬರನ್ನು ಮೆತ್ತಗಿಡಲು ಸೇರಿಸಿದ ಎಣ್ಣೆಯಂಥ ವಸ್ತು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನನ್ನ ಮೊದಲ ದೀಪಸ್ತಂಭ ಹಾಗೆ ಡಬ್ಬಿಯ ತಳಕ್ಕೆ ಅಂಟಿ ಕೂತಿದೆ.

ಇನ್ನು ಅಂಚೆ. ಅರ್ಧ ಎ4 ಕಾರ್ಡು ಎಂಟು ಗ್ರಾಂ ಹತ್ತಿರ ತೂಗುತ್ತದೆ, ಲಕೋಟೆ ಸೇರಿದರೂ 20 ಗ್ರಾಂ ದಾಟುವುದಿಲ್ಲ. ಒಳಗೆ ಒಂದು ಹಿಡಿ ಸಂಕ್ರಾಂತಿ ಕಾಳು ಹಾಕಿದರೆ ದಾಟುತ್ತದೆ, ಅಂಚೆಚೀಟಿ ಜಾಸ್ತಿ ಬೇಕು. ಕಾಳನ್ನು ಲಕೋಟೆಯ ಕೆಳ ಮೂಲೆಯಲ್ಲಿ ಚಪ್ಪಟೆಯಾಗಿ ಅಂಟಿಸಿ, ಅಂಚೆಚೀಟಿಯ ಹಿಂದೆ ಬಾರದ ಹಾಗೆ. ನಾನು ಒಮ್ಮೆ ಅದನ್ನು ಯೋಚಿಸದೆ ಕಳಿಸಿದ್ದೆ. ಚೀಟಿಯ ಮೇಲೆ ಮುದ್ರೆ ಬೀಳುತ್ತದಲ್ವಾ? ಗೆಳತಿ ಫೋನ್ ಮಾಡಿ, ‘ಕಾರ್ಡು ಚೆಂದ ಉಂಟು ಮಾರಾಯ್ತಿ, ಒಳಗೆ ಸಕ್ಕರೆ ಪುಡಿ ಯಾಕೆ ಹಾಕಿದ್ದು?’ ಅಂತ ಕೇಳಿದಳು.